ಅಮಾವಾಸ್ಯೆ ಹುಣ್ಣಿಮೆಗೆ ಕೆಡುವ ನೀರು

ಶೆಕ್ ಹಾ ಕೊಲ್ಲಿಯಲ್ಲಿ ಈಜಬಾರದೆಂದು ಸರ್ಕಾರ ಕೆಂಪು ಬಾವುಟ ನೆಟ್ಟು ಎಷ್ಟೋ ವರ್ಷಗಳಾಗಿದ್ದವು. ಬಾವುಟದ ಪಕ್ಕದಲ್ಲೊಂದು ಹಲಗೆ. ನೀರು ಚೆನ್ನಾಗಿದೆ, ಪರವಾಗಿಲ್ಲ, ಕೆಟ್ಟಿದೆ, ತೀರಾ ಕೆಟ್ಟಿದೆ ಎಂದು ಅದರ ಮೇಲೆ ನಾಲ್ಕು ಮನೆ ಬರೆದು, ಸರ್ಕಾರದವರು ಆಗಾಗ ಬಂದು ಮುಳ್ಳನ್ನು ಯಾವುದೋ ಒಂದು ಮನೆಗೆ ತಿರುಗಿಸಿ ಹೋಗುತ್ತಿದ್ದರು. ಜೀವರಕ್ಷಕರು ಕೂರುತ್ತಿದ್ದ ಎತ್ತರದ ಕುರ್ಚಿಯ ಮೇಲೆ ಈಗ ಬೆಳ್ಳಕ್ಕಿ ಕೂರುತ್ತಿತ್ತು. ಇಷ್ಟಾದರೂ ಬೆಳಗಿನ ಈಜಿನವರು ಬೆಳಗಿನ ಈಜು ಬಿಟ್ಟಿರಲಿಲ್ಲ. ಅವರೆಲ್ಲ ಅರವತ್ತು ದಾಟಿದವರು. ಚಳಿಗಾಲದಲ್ಲೂ ನೀರಿಗಿಳಿದು, ಮೇಲೆ ಬಂದು ಥರ್ಮಾಸಿನ ಚಹಾ ಕುಡಿದು, ಡಾಕ್ಟರನ್ನೂ ಸರ್ಕಾರವನ್ನೂ ಒಟ್ಟಿಗೆ ಬೈದು ಮನೆಗೆ ಹೋಗುವವರು.

ಅವರ ಪೈಕಿ ಹಲಗೆಯನ್ನು ಓದಿ ನೀರಿಗಿಳಿಯುತ್ತಿದ್ದವಳು ಯುಕ್-ಲಿನ್ ಒಬ್ಬಳೇ.

"ಓದಿದ ಮೇಲೂ ಇಳಿಯೋದೇ ಆದ್ರೆ ಓದೋದು ಯಾತಕ್ಕೆ ಲಿನ್ ಅಕ್ಕ?" ಎಂದು ಹೋಯ್-ಟಿಮ್ ಕೆಣಕುತ್ತಿದ್ದ. ಬಸ್ಸು ಓಡಿಸಿ ನಿವೃತ್ತನಾದವನು, ಗುಂಪಿನಲ್ಲಿ ಎಲ್ಲರಿಗಿಂತ ದಪ್ಪ, ಎಲ್ಲರಿಗಿಂತ ಮೊದಲು ನೀರಿಗೆ ಬೀಳುವವನು.

"ಯಾವುದರಲ್ಲಿ ಮುಳುಗ್ತಿದೀನಿ ಅಂತ ಗೊತ್ತಿರ್ಬೇಕಲ್ಲಯ್ಯ. ನಿನ್ನ ಹಾಗೆ ಕಣ್ಣು ಮುಚ್ಕೊಂಡು ಬೀಳಕ್ಕೆ ನಾನೇನು ಕುಂಬಳಕಾಯಾ?"

ಎಪ್ಪತ್ತು ಹತ್ತಿರ ಬಂದರೂ ಯುಕ್-ಲಿನ್‌ಗೆ ಯಾವುದನ್ನೂ ಅದರ ಪಾಡಿಗೆ ಬಿಟ್ಟು ಗೊತ್ತಿಲ್ಲ. ಸೂಜಿ ಚುಚ್ಚುವ ನರ್ಸಿಗೆ ಶೀಶೆಯಲ್ಲಿ ಏನಿದೆ ಅಂತ ಕೇಳುವಳು. ಮೀನು ಮಾರುವವನಿಗೆ ಈ ಮೀನು ಏನು ತಿಂದಿತ್ತು ಅಂತ ಕೇಳುವಳು. ಹಳ್ಳಿಯವರಿಗೆ ಅವಳನ್ನು ಕಂಡರೆ ಪ್ರೀತಿ, ಆದರೆ ಅವಳು ಬಾಯಿ ತೆರೆದರೆ ಕೆಲಸವಿದೆ ಎಂದು ಎದ್ದು ಹೋಗುತ್ತಿದ್ದರು.

ನೀರು ಕೆಡುವುದೇಕೆ ಎಂಬುದೂ ಅವಳ ಪ್ರಶ್ನೆಯೇ. ಮನೆಗಳ ಕೊಳಚೆ ಹಳ್ಳಕ್ಕೆ, ಹಳ್ಳ ಕಡಲಿಗೆ, ಇದು ಊರಿಗೇ ಗೊತ್ತಿದ್ದ ಸಂಗತಿ, ಆದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಯುಕ್-ಲಿನ್ ಬಿಟ್ಟಳು. ಕಚೇರಿಯಿಂದ ಕಚೇರಿಗೆ ಅಲೆದು, ಸಭೆಗಳಲ್ಲಿ ಕೈ ಎತ್ತಿ, ಕೊನೆಗೆ ಸರ್ಕಾರ ಸಾಕಪ್ಪಾ ಸಾಕು ಎಂದು ಒಳಚರಂಡಿಗೆ ದುಡ್ಡು ಮಂಜೂರು ಮಾಡಿತು. ನೆಲ ಅಗೆಯುವ ಮುಂಚೆ ನೆಲದ ದೈವಗಳನ್ನು ಸಮಾಧಾನ ಮಾಡಬೇಕಲ್ಲ, ಆ ಪೂಜೆಯ ಖರ್ಚೂ ಯೋಜನೆಯಲ್ಲೇ ಸೇರಿತ್ತು. ಪುರೋಹಿತ ಲೋ ಬಂದು, ಅಕ್ಕಿ ತುಂಬಿದ ಗಡಿಗೆಯಲ್ಲಿ ಬಿದಿರಿನ ತಾಯಿತ ನೆಟ್ಟು, ಕೆಲಸ ಮುಗಿದ ಮೇಲೆ ಮುಕ್ತಾಯದ ಪೂಜೆಗೆ ಬರುತ್ತೇನೆಂದು ಹೇಳಿ, ಹುರಿದ ಹಂದಿಯಲ್ಲಿ ತನ್ನ ಪಾಲು ಕಟ್ಟಿಸಿಕೊಂಡು ಹೋದ.

ಪೈಪು ಬಂತು. ಮನೆಮನೆಗೂ ಜೋಡಣೆಯಾಯಿತು. ಹಲಗೆಯ ಮುಳ್ಳು ಚೆನ್ನಾಗಿದೆ ಎಂಬಲ್ಲಿಗೆ ಹೋಯಿತು, ಊರೆಲ್ಲ ಹಿಗ್ಗಿತು. ಆಮೇಲೆ ಒಂದು ದಿನ ಮುಳ್ಳು ಗಿರ್ರನೆ ತಿರುಗಿ ತೀರಾ ಕೆಟ್ಟಿದೆ ಎಂಬಲ್ಲಿ ನಿಂತಿತು. ಮತ್ತೆ ಚೆನ್ನಾಯಿತು. ಮತ್ತೆ ಕೆಟ್ಟಿತು. ಹೀಗೆ ಕಣ್ಣಾಮುಚ್ಚಾಲೆ ಆಡುವ ನೀರನ್ನು ನಂಬಿ ಕೆಂಪು ಬಾವುಟ ಇಳಿಸುವುದು ಹೇಗೆ?

ಆಗ ಬಂದವಳು ಮಿಸ್ ಕ್ವೋಕ್. ಸರ್ಕಾರದ ಇಂಜಿನಿಯರ್, ಇನ್ನೂ ಮೂವತ್ತು ಮುಟ್ಟದ ಹುಡುಗಿ, ಬೆನ್ನಿಗೆ ಚೀಲ, ಚೀಲದ ತುಂಬ ಖಾಲಿ ಬಾಟಲಿ. ಯಾವುದೋ ಮನೆಯ ಪೈಪು ಕಳ್ಳದಾರಿಯಲ್ಲಿ ಹಳ್ಳಕ್ಕೆ ಸೇರುತ್ತಿರಬೇಕೆಂದು ಅವಳ ಅನುಮಾನ. ಮನೆಮನೆಗೆ ಹೋಗಿ ಕಕ್ಕಸಿಗೆ ಹಸಿರು ಬಣ್ಣದ ಪುಡಿ ಸುರಿದಳು. ಯಾರ ಮನೆಯದು ಹಳ್ಳದಲ್ಲಿ ಹಸಿರಾಗಿ ಹೊರಬರುತ್ತದೋ ಎಂದು ಮಾಜಾಂಗ್ ಆಟದ ಮೇಜುಗಳಲ್ಲಿ ಪಣ ಕಟ್ಟಿದರು. ಪಟೇಲ ಚೆಂಗ್ ಫುಕ್-ಹಿಂಗನ ಮನೆಯ ಮೇಲೆ ಎಲ್ಲರಿಗಿಂತ ಹೆಚ್ಚು ಜನ ಕಟ್ಟಿದ್ದರು. ಹಳ್ಳದ ದಂಡೆಯಲ್ಲಿ ಮಡಿಸುವ ಕುರ್ಚಿ ಹಾಕಿ ಊರಿಗೆ ಊರೇ ಕಾದು ಕೂತಿತು. ಹಸಿರೂ ಬರಲಿಲ್ಲ, ಹಳದಿಯೂ ಬರಲಿಲ್ಲ.

"ನೋಡಿದ್ರಾ, ನಮ್ಮನೆ ಎಷ್ಟು ಚೊಕ್ಕ!" ಎಂದು ಫುಕ್-ಹಿಂಗ್ ಎದೆ ಉಬ್ಬಿಸಿದ.

ಮಿಸ್ ಕ್ವೋಕ್ ಮಾತ್ರ ಪೆಚ್ಚಾದಳು. ಯುಕ್-ಲಿನ್ ಚಹಾ ಕೊಡುತ್ತ ಅವಳ ಪಕ್ಕದಲ್ಲಿ ಕೂತಳು. "ಮತ್ತೆ ಈಗೇನು ಹುಡುಗಿ?"

"ನೀರು ಕೆಡೋ ದಿನಗಳನ್ನ ನೋಡಿದೆ ಲಿನ್ ಅಜ್ಜಿ. ಅಮಾವಾಸ್ಯೆ, ಹುಣ್ಣಿಮೆ, ಆಸುಪಾಸು. ಅವತ್ತು ಉಬ್ಬರ ಜೋರಲ್ವಾ? ಕಡಲು ಒಳಗೆ ನುಗ್ಗಿ ಹಳೇ ಕಕ್ಕಸು ಗುಂಡಿಗಳಲ್ಲಿ ಉಳಿದಿದ್ದನ್ನೆಲ್ಲ ತೊಳ್ಕೊಂಡು ಹೋಗುತ್ತೆ ಅನ್ಸುತ್ತೆ. ಹಾಗಾದ್ರೆ ಹಳ್ಳದ ಬಾಯಿಗೆ ಒಂದು ಕಟ್ಟೆ, ಬಾಗಿಲು, ಇನ್ನೊಂದು ಪೈಪು ಬೇಕಾಗುತ್ತೆ. ಯೋಜನೇಲಿ ಸ್ವಲ್ಪ ದುಡ್ಡು ಉಳಿದಿದೆ. ಆದ್ರೆ ಕಾರಣ ಖಚಿತ ಆಗ್ದೆ ಬಿಡುಗಡೆ ಮಾಡಲ್ಲ."

ಅಮಾವಾಸ್ಯೆ, ಹುಣ್ಣಿಮೆ. ಯುಕ್-ಲಿನ್ ಬಟ್ಟಲು ಕೆಳಗಿಟ್ಟಳು. ಆ ಎರಡು ದಿನ ಅವಳು ಮಾಂಸ ಮೀನು ಮುಟ್ಟುವವಳಲ್ಲ. ಯೋಚಿಸಿದರೆ ಹೌದು, ಮುಳ್ಳು ತೀರಾ ಕೆಟ್ಟಿದೆ ಎಂಬಲ್ಲಿಗೆ ತಿರುಗಿದ ವಾರಗಳಲ್ಲೆಲ್ಲ ಅವಳ ಬಾಯಲ್ಲಿ ತೋಫು, ಅಣಬೆಯ ರುಚಿ ಇತ್ತು. ಹುಡುಗಿಯ ಲೆಕ್ಕ ಸರಿ ಎಂದು ಅವಳಿಗೆ ಖುಷಿಯಾಯಿತು.

ಮುಂದಿನ ಹುಣ್ಣಿಮೆಗೆ ಮುಂಚೆ ಮಳೆ ಹೊಡೆದು ಗುಡ್ಡ ಜರಿದು ರಸ್ತೆಗೆ ಬಿತ್ತು. ಪೇಟೆಯ ಬಸ್ಸು ಬರಲಿಲ್ಲ. ಹುಣ್ಣಿಮೆಯ ಉಬ್ಬರವಂತೂ ಬಂತು, ಎಂದಿಗಿಂತ ಎತ್ತರಕ್ಕೇ ಬಂತು. ಮಿಸ್ ಕ್ವೋಕ್ ದೋಣಿಯಲ್ಲಿ ಬಂದು ಬಾಟಲಿ ತುಂಬಿಕೊಂಡು ಹೋದಳು. ಎಲ್ಲರೂ ತೀರಾ ಕೆಟ್ಟಿದೆ ಎಂದುಕೊಂಡಿದ್ದರೆ, ಮುಳ್ಳು ಚೆನ್ನಾಗಿದೆ ಎಂಬಲ್ಲೇ ನಿಂತಿತು.

"ಮಳೆ ತೊಳೀತು ಅನ್ಸುತ್ತೆ," ಅಂದ ಹೋಯ್-ಟಿಮ್.

"ಮಳೆ ಬಂದ್ರೆ ಕೊಳಕು ಜಾಸ್ತಿ ಬರ್ಬೇಕು ಕಣೋ, ಕಮ್ಮಿ ಅಲ್ಲ," ಎಂದವಳೇ ಯುಕ್-ಲಿನ್ ಈಜದೆ ಎದ್ದು ಹಳ್ಳದ ಬಾಯಿಗೆ ನಡೆದಳು. ಉಬ್ಬರ ಬಂದಿತ್ತು, ನೀರು ಕೆಡಲಿಲ್ಲ. ಹಾಗಾದರೆ ಏನು ಬಂದಿರಲಿಲ್ಲ? ಬಸ್ಸು. ಬಸ್ಸಿನಲ್ಲಿ ಯಾರು ಬರುತ್ತಾರೆ?

ಇಷ್ಟು ಕೇಳಿಕೊಂಡ ಮೇಲೆ ಉತ್ತರ ಅವಳ ಕಾಲಡಿಯಲ್ಲೇ ಬಿದ್ದಿತ್ತು. ಹಳ್ಳ ಕಡಲಿಗೆ ಸೇರುವ ಕಡೆ, ಆಲದ ಮರದ ಬುಡದಲ್ಲಿ ಪಾಕ್-ಕುಂಗ್ ಕೂತಿದ್ದಾನೆ. ಪಾಕ್-ಕುಂಗ್ ಎಂದರೆ ನೆಲದ ದೇವರು, ಊರಿಗೆಲ್ಲ ಅಜ್ಜ. ರೂಪ ಎಂದೇನಿಲ್ಲ, ಮೊಣಕಾಲೆತ್ತರದ ಕಲ್ಲು, ಹಣೆಗೆ ಕೆಂಪು ಕಾಗದ. ಅಮಾವಾಸ್ಯೆ ಹುಣ್ಣಿಮೆಗೆ ಪೇಟೆಯಿಂದ ವ್ರತದ ಹೆಂಗಸರು ಬಂದು ಅವನಿಗೆ ಊದುಬತ್ತಿ ಹಚ್ಚಿ, ತಂದ ಬನ್ನು, ಬ್ರೆಡ್ಡು, ಎಲೆಕೋಸನ್ನೆಲ್ಲ ಗುಡ್ಡದಿಂದ ಇಳಿದು ಬರುವ ಕಾಡುಬಿಟ್ಟ ದನಗಳಿಗೆ ಹಾಕುತ್ತಾರೆ. ಮರದ ಸುತ್ತ, ಹಳ್ಳದ ನೀರಿನ ಅಂಚಿನವರೆಗೂ, ಹಳೆಯ ಸಗಣಿ ಒಣಗಿ ಹಪ್ಪಳವಾಗಿತ್ತು. ಹೊಸದು ಒಂದೂ ಇರಲಿಲ್ಲ. ಹಾಕುವವರಿಲ್ಲದ್ದರಿಂದ ದನ ಇಳಿದಿರಲಿಲ್ಲ.

ಯುಕ್-ಲಿನ್ ಪಾಕ್-ಕುಂಗ್‌ನ ಪಕ್ಕದ ಬೇರಿನ ಮೇಲೆ ಧೊಪ್ಪನೆ ಕೂತಳು. ತಾನು ಹುಡುಕುತ್ತಿದ್ದ ಕಳ್ಳ ಸಿಕ್ಕಿದ. ಸಿಕ್ಕಿದ್ದು ಬೇಡವಾಗಿತ್ತು.

ಯಾಕೆಂದರೆ ಆ ದನಗಳು ಅವಳವು. ಹಿಂದೆ ಗುಡ್ಡದ ಮೇಲೆ ಅವಳದೂ ಗಂಡ ಶುಯಿ-ಸಾಂಗನದೂ ಗದ್ದೆಯಿತ್ತು. ಊರಿನ ಗದ್ದೆಗಳೆಲ್ಲ ಒಂದೊಂದಾಗಿ ಪಾಳು ಬಿದ್ದು ಜನ ಕಾರ್ಖಾನೆಗೆ ಹೊರಟಾಗ, ಇವರೇ ಕೊನೆಗೆ ಬಿಟ್ಟವರು. ಕಟುಕರು ಒಳ್ಳೆ ಬೆಲೆ ಹೇಳಿದರೂ ಶುಯಿ-ಸಾಂಗ್ ಕೊಡಲಿಲ್ಲ. ದುಡಿಸಿಕೊಂಡ ದನವನ್ನು ತಿನ್ನುವುದು ಆ ಮನೆಯಲ್ಲಿ ಹಿಂದೆಂದೂ ಇರಲಿಲ್ಲ. ಮೂಗುದಾರ ಬಿಚ್ಚಿ ಗುಡ್ಡಕ್ಕೆ ಹೊಡೆದ. ಈಗಿನ ಹಿಂಡು ಅವುಗಳ ಮರಿಮೊಮ್ಮಕ್ಕಳು. ಶುಯಿ-ಸಾಂಗ್ ತೀರಿಕೊಂಡ ಮೇಲೆ ಯುಕ್-ಲಿನ್ ಅಮಾವಾಸ್ಯೆ ಹುಣ್ಣಿಮೆಗೆ ಅವನ ಹೆಸರಲ್ಲಿ ಅವಕ್ಕೆ ಎಲೆಕೋಸು ಹಾಕತೊಡಗಿದಳು. ಅದನ್ನು ಕಂಡ ಒಬ್ಬಳು ಪೇಟೆಯ ಹೆಂಗಸು ಇನ್ನೊಬ್ಬಳಿಗೆ ಹೇಳಿದಳು, ಅವಳು ಮತ್ತೊಬ್ಬಳಿಗೆ. ಶೆಕ್ ಹಾದ ಪಾಕ್-ಕುಂಗ್ ಮುಂದೆ ದನಕ್ಕೆ ಹಾಕಿದರೆ ಸತ್ತವರಿಗೆ ಮುಟ್ಟುತ್ತದೆ ಎಂದು ಸುದ್ದಿಯಾಗಿ, ಈಗ ಬಸ್ಸು ತುಂಬ ಜನ ಬರುತ್ತಿದ್ದರು.

ರಸ್ತೆ ಸರಿಹೋಗಿ ಬಸ್ಸು ಬಂದ ಅಮಾವಾಸ್ಯೆಗೆ ನೀರು ಮತ್ತೆ ಕೆಟ್ಟಿತು. ಮಿಸ್ ಕ್ವೋಕ್ ಮತ್ತೆ ಬಂದಾಗ ಯುಕ್-ಲಿನ್ ಬಾಟಲಿಗಳಿಗೆ ಚೀಟಿ ಅಂಟಿಸಿಕೊಡುತ್ತ ಮೆಲ್ಲಗೆ ಕೇಳಿದಳು. "ಒಂದು ಮಾತಿಗೆ ಕೇಳ್ತೀನಿ. ಮನುಷ್ಯರದ್ದಲ್ದೆ ಬೇರೆ ಪ್ರಾಣೀದು ಅಂತಾದ್ರೆ ಏನು ಮಾಡ್ತಾರೆ?"

"ಯಾವ ಪ್ರಾಣಿ?"

"ಯಾವುದೋ ಒಂದು. ಹಂದಿ. ದನ."

ಹುಡುಗಿ ಸುಳ್ಳು ಹೇಳುವವಳಲ್ಲ. "ದನ ಆದ್ರೆ ಲಾರೀಲಿ ತುಂಬ್ಕೊಂಡು ದೂರದ ದ್ವೀಪಕ್ಕೆ ಬಿಡ್ತಾರೆ ಅಜ್ಜಿ. ಬೇರೆ ಕಡೆ ಹಾಗೇ ಮಾಡಿದಾರೆ. ಪೈಪು ಹಾಕೋದಕ್ಕಿಂತ ಸಲೀಸು, ಉಳಿದ ದುಡ್ಡಲ್ಲೇ ಆಗೋಗುತ್ತೆ."

"ಅಲ್ಲಿ ಬದುಕ್ತವಾ?"

"ಎಳೇವು ಬದುಕ್ತವೆ. ಹಳೇವು..." ಅವಳು ಬಾಟಲಿಯ ಮುಚ್ಚಳ ತಿರುಗಿಸುತ್ತ ನಿಂತಳು. "ಜಾಗ ಬದಲಾದ್ರೆ ಹಳೇವು ಮೇವು ಬಿಡ್ತವೆ ಅಂತಾರೆ. ಯಾಕೆ ಕೇಳಿದ್ರಿ? ಹೇಗೂ ಈ ಸಲದ ನೀರನ್ನ ದೊಡ್ಡ ಲ್ಯಾಬಿಗೆ ಕಳಿಸ್ತಿದೀನಿ. ಅದು ಮನುಷ್ಯರದ್ದೋ ಪ್ರಾಣಿದೋ ಅಂತ ಅವರು ಹೇಳ್ತಾರೆ. ಸ್ವಲ್ಪ ತಡ ಆಗುತ್ತೆ, ಅಷ್ಟೆ."

ಹಿಂಡಿನ ಹಿರಿಯಳು ಕಿವಿ ಹರಿದ ಕಂದು ಹಸು, ಅವಳಿಗೆ ಯುಕ್-ಲಿನ್ ಅತ್ತೆಮ್ಮ ಎಂದೇ ಕರೆಯುತ್ತಿದ್ದಳು, ಗತ್ತು ಹಾಗಿತ್ತು. ಅತ್ತೆಮ್ಮನನ್ನು ಲಾರಿಗೆ ಹತ್ತಿಸುವುದೇ? ಕಡಲು ಶುದ್ಧವಾಗಲಿ ಎಂದು ಊರೆಲ್ಲ ಅಲೆದವಳು ತಾನೇ, ಆ ಶುದ್ಧಿಯೇ ಈಗ ತನ್ನ ಮನೆಯ ದನಗಳನ್ನು ಅಟ್ಟಲು ನಿಂತಿತು. ಕೇಳಬಾರದಾಗಿತ್ತು ಎಂದು ಬದುಕಿನಲ್ಲಿ ಮೊದಲ ಬಾರಿ ಅವಳಿಗೆ ಅನಿಸಿತು.

ಅನಿಸಿದ್ದು ಒಂದು ದಿನದ ಮಟ್ಟಿಗೆ. ಮಾರನೆಯ ದಿನ ಅವಳ ತಲೆ ಮತ್ತೆ ಕೆದಕತೊಡಗಿತು. ದನ ಇಳಿಯುವುದು ಏತಕ್ಕೆ? ನೀರಿಗಲ್ಲ, ಗುಡ್ಡದ ಮೇಲೆ ಒರತೆಯಿದೆ. ಬನ್ನಿಗೆ. ತಾನು ಎಲೆಕೋಸು ನಿಲ್ಲಿಸಿದಳು, ಪೇಟೆಯ ಹೆಂಗಸರಿಗೆ ಹಾಕಬೇಡಿ ಎಂದು ಕೈ ಮುಗಿದಳು. "ನಿಮ್ಮ ಯಜಮಾನರಿಗೆ ಮಾತ್ರ ಪುಣ್ಯ ಬೇಕಾ ಅಮ್ಮ, ನಮ್ಮೋರಿಗೆ ಬೇಡ್ವಾ?" ಎಂದು ಒಬ್ಬಳು ಮುಖಕ್ಕೆ ಹೊಡೆದಂತೆ ಕೇಳಿದಳು. ಮೇಲೆ ಹಳೆ ಗದ್ದೆಗೆ ಹೋಗಿ ಹಾಕಿ ಎಂದರೆ, ಪಾಕ್-ಕುಂಗ್ ಇಲ್ಲಿರುವಾಗ ಅಲ್ಲಿಗೇಕೆ ಹೋಗಬೇಕು ಎಂದರು.

ಅದೂ ನ್ಯಾಯವೇ. ದನ ಜನರ ಹಿಂದೆ, ಜನ ದೇವರ ಹಿಂದೆ. ಹಾಗಾದರೆ ದೇವರು ಇಲ್ಲಿ ಯಾಕಿದ್ದಾನೆ?

ಇದಕ್ಕೆ ಉತ್ತರ ಅವಳಿಗೆ ಗೊತ್ತಿತ್ತು, ಬಹಳ ಚೆನ್ನಾಗಿ. ಪಾಕ್-ಕುಂಗ್ ಮೊದಲು ಗುಡ್ಡದ ಮೇಲೆ, ಗದ್ದೆಗಳ ತಲೆಯಲ್ಲಿದ್ದವನು. ಗದ್ದೆ ಬಿಟ್ಟ ವರ್ಷ ಯುಕ್-ಲಿನ್ ಬದುವಿನಿಂದ ಜಾರಿ ಮಂಡಿ ಮುರಿದುಕೊಂಡಳು. ಮೂಳೆ ಕೂಡಿತು, ಗುಡ್ಡ ಹತ್ತುವುದು ಮಾತ್ರ ನರಕವಾಯಿತು. ಅಮಾವಾಸ್ಯೆಗೆ ಹುಣ್ಣಿಮೆಗೆ ಅಜ್ಜನಿಗೆ ಊದುಬತ್ತಿ ಹಚ್ಚಲಾಗಲಿಲ್ಲ ಎಂದು ಅವಳು ಅಳುತ್ತಿದ್ದುದನ್ನು ಶುಯಿ-ಸಾಂಗ್ ನೋಡಿದ. ಅವನು ಮಾತು ಕಡಿಮೆಯ ಮನುಷ್ಯ. ಒಂದು ಬೆಳಿಗ್ಗೆ ಆ ಕಲ್ಲನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಇಳಿದು ಬಂದು ಆಲದ ಬುಡದಲ್ಲಿ ಕೂರಿಸಿದ. ಯಾಕೆ ತಂದೆ ಎಂದು ಊರವರು ಕೇಳಿದರೆ, "ಅಜ್ಜಂಗೆ ವಯಸ್ಸಾಯ್ತು. ಗುಡ್ಡದ ಗಾಳಿ ಒಗ್ತಿಲ್ವಂತೆ," ಅಂದ. ಊರವರು ನಕ್ಕರು, ಅರ್ಥವಾದವರು ಸುಮ್ಮನಾದರು.

ಮುಕ್ತಾಯದ ಪೂಜೆಗೆ ಪುರೋಹಿತ ಲೋ ಬರುವ ದಿನ ಹತ್ತಿರವಾಯಿತು. ಅಗೆದ ನೆಲವನ್ನು ಮುಚ್ಚಿದ್ದಾಯಿತು, ಎಲ್ಲ ದೈವಗಳೂ ಸುಖವೇ ಎಂದು ಕೇಳಿ ಕಳಿಸುವ ಪೂಜೆ. ಖರ್ಚು ಸರ್ಕಾರದ್ದೇ. ಯುಕ್-ಲಿನ್ ಪಟೇಲ ಫುಕ್-ಹಿಂಗನ ಅಂಗಡಿಗೆ ಹೋದಳು. ಅವನು ಶುಯಿ-ಸಾಂಗನ ಚಿಕ್ಕಪ್ಪನ ಮಗ, ಅವಳಿಗೆ ಮೈದುನ.

"ಪೈಪು ಅಜ್ಜನ ಪಕ್ಕದಲ್ಲೇ ಹೋಗಿದೆ. ಅವನ ನೆಲ ಕದಡಿದೆ. ಮತ್ತೆ ಮನೆಗೆ ಹೋಗ್ತೀಯಾ ಅಂತ ಪೂಜೇಲಿ ಅವನ್ನ ಕೇಳ್ಬೇಕು."

ಫುಕ್-ಹಿಂಗನ ಮುಖ ಹುಳ್ಳಗಾಯಿತು. ಬಸ್ಸಿನವರು ಊದುಬತ್ತಿ, ತಂಪು ಪಾನೀಯ, ಎಲೆಕೋಸು ಎಲ್ಲ ಕೊಳ್ಳುವುದು ಅವನ ಅಂಗಡಿಯಲ್ಲೇ. "ಅತ್ತಿಗೆ, ನಿಮಗೇನು ಹುಚ್ಚಾ? ಅಣ್ಣ ಬೆನ್ನು ಮುರ್ಕೊಂಡು ಇಳಿಸಿದ ದೇವ್ರನ್ನ ನೀವು ಮತ್ತೆ ಹತ್ತಿಸ್ತೀರಾ? ನಿಮ್ಮ ಕಾಲಿಗೆ ಒಂದು ಏಣಿ ಹತ್ತಕ್ಕಾಗಲ್ಲ!"

"ನಾನು ಹತ್ತಿಸ್ತೀನಿ ಅನ್ಲಿಲ್ಲ. ಕೇಳೋಣ ಅಂದೆ. ದೇವರು ಇಲ್ಲ ಅಂದ್ರೆ ಇಲ್ಲ. ನಿನಗೆ ದೇವ್ರನ್ನ ಕೇಳಕ್ಕೆ ಭಯವಾ ಫುಕ್?"

ಹೀಗೆ ಹಿಡಿದು ಕೇಳಿದ ಮೇಲೆ ಪಟೇಲನಾದವನು ಭಯ ಎನ್ನುವಂತಿಲ್ಲ.

ಪೂಜೆಯ ದಿನ ಆಲದ ಕೆಳಗೆ ಇಡೀ ಊರು. ಮಿಸ್ ಕ್ವೋಕ್ ಕೂಡ ಕಚೇರಿಯ ಪರವಾಗಿ ಬಂದು, ಕೈಯಲ್ಲಿ ಊದುಬತ್ತಿ ಹಿಡಿದು, ಎತ್ತ ಬಾಗಬೇಕೆಂದು ತಿಳಿಯದೆ ನಿಂತಿದ್ದಳು. ಲೋ ಮಂತ್ರ ಮುಗಿಸಿ, ಅರ್ಧಚಂದ್ರದ ಎರಡು ಮರದ ತುಂಡುಗಳನ್ನು ಯುಕ್-ಲಿನ್ ಕೈಗೆ ಕೊಟ್ಟ. ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು. ಒಂದು ಚಪ್ಪಟೆ ಒಂದು ಉಬ್ಬು ಮೇಲಾಗಿ ಬಿದ್ದರೆ ದೇವರು ಹೂಂ ಅಂದ ಹಾಗೆ.

"ಅಜ್ಜ, ಮೇಲಿನ ಮನೆಗೆ ಹೋಗ್ತೀಯಾ?" ಎಂದು ಅವಳು ಎಸೆದಳು. ಎರಡೂ ಚಪ್ಪಟೆ ಮೇಲಾದವು.

"ನಗ್ತಿದಾನೆ," ಅಂದ ಲೋ. "ಸರಿಯಾಗಿ ಕೇಳಮ್ಮ."

"ಅಜ್ಜ, ಇಲ್ಲಿ ನಿನ್ನ ನೆಲ ಕದಡಿದೆ. ಹೋಗ್ತೀಯಾ?" ಈ ಸಲ ಎರಡೂ ಉಬ್ಬು ಮೇಲಾದವು.

"ಇಲ್ಲ ಅಂದ! ಆಯ್ತಲ್ಲ ಅತ್ತಿಗೆ!" ಫುಕ್-ಹಿಂಗ್ ಹಂದಿ ಕುಯ್ಯುವ ಕತ್ತಿಗೆ ಕೈ ಹಾಕಿದ.

ಯುಕ್-ಲಿನ್ ತುಂಡುಗಳನ್ನು ಆರಿಸಿಕೊಂಡು ಕಲ್ಲನ್ನೇ ನೋಡುತ್ತ ನಿಂತಳು. ಇಲ್ಲ ಎಂದರೆ ಯಾಕೆ ಇಲ್ಲ? ನೆಲ ಕದಡಿದ್ದು ಅವನಿಗೆ ಲೆಕ್ಕಕ್ಕಿಲ್ಲವೆಂದರೆ ಇನ್ನೇನು ಲೆಕ್ಕ? ಅವನು ಇಲ್ಲಿಗೆ ಬಂದಿದ್ದು ಯಾರ ಸಲುವಾಗಿ? ನಿಂತಲ್ಲೇ ಅವಳಿಗೆ ಹೊಳೆಯಿತು. ಹೊಳೆದದ್ದೇ ಕಣ್ಣು ತುಂಬಿತು, ಆದರೂ ಊರ ಮುಂದೆ ಗಟ್ಟಿಯಾಗೇ ಕೇಳಿದಳು.

"ಅಜ್ಜ, ನನ್ನ ಕಾಲು ನೋಡ್ಕೊಂಡು ನೀನು ಕೆಳಗೆ ಕೂತಿರೋದು ಬೇಡ. ಬದುಕಿರೋವರ್ಗೂ ಅಮಾವಾಸ್ಯೆಗೆ ಹುಣ್ಣಿಮೆಗೆ ನಾನೇ ಹತ್ತಿ ಬರ್ತೀನಿ. ಈಗ ಹೋಗ್ತೀಯಾ?"

ಒಂದು ಚಪ್ಪಟೆ, ಒಂದು ಉಬ್ಬು.

ಊರು ಒಮ್ಮೆಗೇ ಉಸಿರು ಬಿಟ್ಟಿತು. ದೇವರನ್ನು ಹೊತ್ತು ಸಾಗಿಸುವುದೂ, ಮೇಲೆ ಕಟ್ಟೆ ಕಟ್ಟುವುದೂ ಪೂಜೆಯ ಖರ್ಚಿಗೇ ಸೇರುತ್ತದೆ ಎಂದು ಲೋ ತಕ್ಷಣ ಹೇಳಿದ. ಅವನು ಇಂಥದ್ದರಲ್ಲಿ ಪಳಗಿದವನು. "ಇದನ್ನ ನಾನು ವರದೀಲಿ ಏನಂತ ಬರೀಲಿ?" ಎಂದು ಮಿಸ್ ಕ್ವೋಕ್ ತಬ್ಬಿಬ್ಬಾದಳು.

"ನೆಲದ ದೇವರು ಸ್ಥಳಾಂತರ, ಒಂದು. ಹಾಗೇ ಬರಿ ಹುಡುಗಿ. ಕಕ್ಕಸಿಗೆ ಹಸಿರು ಬಣ್ಣ ಅಂತ ಬರ್ದಾಗ ಯಾರಾದ್ರೂ ಬೈದ್ರಾ?" ಅಂದ ಹೋಯ್-ಟಿಮ್.

ಮುಂದಿನ ಅಮಾವಾಸ್ಯೆಯ ಬೆಳಿಗ್ಗೆ ಯುಕ್-ಲಿನ್ ದಂಡೆಗೆ ಬಂದಾಗ ಅಲ್ಲೊಂದು ಲಾರಿ ನಿಂತಿತ್ತು. ಹಿಂದೆ ಕಬ್ಬಿಣದ ಸರಳು, ಇಳಿಜಾರು ಹಲಗೆ, ಹಗ್ಗ ಹಿಡಿದ ಗಂಡಸರು. ಪಕ್ಕದಲ್ಲಿ ಮಿಸ್ ಕ್ವೋಕ್. ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಲ್ಯಾಬಿನ ಉತ್ತರ ಬಂದಿದೆ.

"ದನ," ಅಂದಳು ಅವಳು. "ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ ಅಜ್ಜಿ?"

"ಗೊತ್ತಿತ್ತು."

"ಯಾಕೆ ಹೇಳ್ಲಿಲ್ಲ?"

"ನೀನು ಲಾರಿ ಅಂದೆಯಲ್ಲ."

ಪೇಟೆಯ ಹೆಂಗಸರು ಬಸ್ಸಿಳಿದು, ಖಾಲಿ ಆಲದ ಬುಡ ನೋಡಿ ಗೊಣಗಿ, ಹೊಸ ಬಾಣದ ಗುರುತು ಹಿಡಿದು ಆಗಲೇ ಗುಡ್ಡ ಹತ್ತಿದ್ದರು. ದನಗಳಿಗೆ ಯಾರು ಹೇಳುವವರು? ಅವು ಎಂದಿನಂತೆ ಇಳಿದು ಬಂದು, ಹಳ್ಳದ ಬಾಯಲ್ಲಿ ನೀರಿನಲ್ಲೇ ನಿಂತು, ಬನ್ನು ಎಲ್ಲಿ ಎಂದು ಲಾರಿಯವರ ಮುಖ ನೋಡುತ್ತಿದ್ದವು. ಅತ್ತೆಮ್ಮ ಎಲ್ಲಕ್ಕಿಂತ ಮುಂದೆ.

"ಸ್ವಲ್ಪ ತಡಿ," ಅಂದಳು ಯುಕ್-ಲಿನ್. "ಒಂದು ಚಹಾ ಕುಡಿಯೋವಷ್ಟು. ಅಷ್ಟರಲ್ಲಿ ಇವು ಇಲ್ಲೇ ಇದ್ರೆ ತುಂಬ್ಕೋ."

ಅವಳು ದಂಡೆಯ ಮೇಲೆ ನಿಂತು ಶುಯಿ-ಸಾಂಗ್ ಕೂಗುತ್ತಿದ್ದ ಹಾಗೆ ಹೋ ಎಂದು ಕೂಗಿದಳು. ಒಂದು ದನವೂ ತಲೆ ಎತ್ತಲಿಲ್ಲ. ಮತ್ತೆ ಕೂಗಿದಳು. ಒಂದು ಕರು ಮೂತ್ರ ಹೊಯ್ಯಿತು. ಲಾರಿಯವರು ನಕ್ಕರು. ಉಳುವ ಕೂಗು ಯಾವ ಕಾಲದ್ದು, ಇವು ಯಾವ ಕಾಲದವು! ಇವಕ್ಕೆ ಗೊತ್ತಿರುವುದು ಏನು?

ಅವಳು ಗುಡ್ಡದ ಮೇಲೆ ಹಾಕಲೆಂದು ಸೊಂಟದಲ್ಲಿ ಸಿಕ್ಕಿಸಿದ್ದ ಎಲೆಕೋಸಿನ ಕೆಂಪು ಪ್ಲಾಸ್ಟಿಕ್ ಚೀಲ ತೆಗೆದು ಪರಪರ ಅನಿಸಿದಳು. ಹಿಂಡಿನ ಕಿವಿಗಳೆಲ್ಲ ಒಟ್ಟಿಗೆ ತಿರುಗಿದವು.

"ಟಿಮ್! ಚೀಲ ತಗೊಳ್ರೋ ಎಲ್ಲರೂ!"

ನೀರಿನಿಂದ ಆಗ ತಾನೇ ಮೇಲೆ ಬಂದಿದ್ದ ಬೆಳಗಿನ ಈಜಿನವರು, ಒದ್ದೆ ಈಜುಡುಗೆಯಲ್ಲೇ, ಬಟ್ಟೆ ತುಂಬಿಕೊಂಡು ತಂದಿದ್ದ ಚೀಲಗಳನ್ನು ಕೊಡವಿ ಎತ್ತಿಕೊಂಡರು. ಯುಕ್-ಲಿನ್ ಮುಂದೆ, ಅವಳ ಹಿಂದೆ ನೀರು ಸೋರಿಸುತ್ತ, ಪರಪರ ಅನಿಸುತ್ತ ಅಜ್ಜ ಅಜ್ಜಿಯರ ಸಾಲು, ಸಾಲಿನ ಹಿಂದೆ ಇಡೀ ಹಿಂಡು. ಹೊಟ್ಟೆ ಕುಣಿಸುತ್ತ ಹೋಯ್-ಟಿಮ್ ಚೀಲ ಬೀಸುತ್ತಿದ್ದುದನ್ನು ನೋಡಿ ಲಾರಿಯ ಡ್ರೈವರ್ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಕ್ಕ.

ಗುಡ್ಡದ ದಾರಿಯಲ್ಲಿ ನಗು ಮುಗಿಯಿತು. ಮಂಡಿಯಲ್ಲಿ ಮೊಳೆ ಹೊಡೆದಂಥ ನೋವು. ಯುಕ್-ಲಿನ್ ತಿರುವಿನಲ್ಲಿ ಕೂತಳು, ಎದ್ದಳು, ಮತ್ತೆ ಕೂತಳು. ಅವಳು ಕೂತಾಗಲೆಲ್ಲ ಅತ್ತೆಮ್ಮ ಹಿಂದೆ ನಿಂತು ಕಾದಳು. ಕಾಯುವುದು ಚೀಲಕ್ಕೆ, ನನಗಲ್ಲ ಎಂದು ಅವಳಿಗೂ ಗೊತ್ತಿತ್ತು. ಹಾಗಿದ್ದರೂ ಆ ಬಿಸಿ ಉಸಿರು ಕುತ್ತಿಗೆಗೆ ತಾಗಿದರೆ ಎದ್ದು ನಡೆಯಲಾಗುತ್ತಿತ್ತು. ಇದೇ ದಾರಿಯಲ್ಲಿ ಬೆನ್ನ ಮೇಲೆ ಕಲ್ಲು ಹೊತ್ತು ಅವನು ಇಳಿದದ್ದು. ಎಲ್ಲಿ ಕೂತು ದಣಿವಾರಿಸಿಕೊಂಡನೋ, ಅದನ್ನು ಅವಳು ಕೇಳಿಯೇ ಇರಲಿಲ್ಲ. ಎಲ್ಲವನ್ನೂ ಕೇಳುವ ತಾನು ಅದೊಂದನ್ನು ಹೇಗೆ ಬಿಟ್ಟೆ ಎಂದು ದಾರಿಯುದ್ದಕ್ಕೂ ಕೊರಗಿದಳು.

ಮೇಲೆ ಪಾಕ್-ಕುಂಗ್ ಹೊಸ ಕಟ್ಟೆಯ ಮೇಲೆ, ಹೊಸ ಕೆಂಪು ಕಾಗದ ಹಣೆಗೆ ಹಚ್ಚಿಕೊಂಡು ಕೂತಿದ್ದ. ಪಾಳು ಗದ್ದೆಗಳಲ್ಲಿ ಹುಲ್ಲು ಸೊಂಟಕ್ಕೆ ಬಂದಿತ್ತು. ಹಿಂಡು ಒಳನುಗ್ಗಿ ಬನ್ನು ಬಿಟ್ಟು ಹುಲ್ಲಿಗೇ ಬಾಯಿ ಹಾಕಿದಾಗ ಯುಕ್-ಲಿನ್ ಕಟ್ಟೆಗೆ ಒರಗಿ ಅತ್ತುಬಿಟ್ಟಳು.

ಬೆನ್ನಟ್ಟಿ ಬಂದ ಮಿಸ್ ಕ್ವೋಕ್ ಏದುಸಿರು ಬಿಡುತ್ತ ಸುತ್ತ ನೋಡಿದಳು. ಗದ್ದೆಯ ಇಳಿಜಾರು ಯಾವ ಕಡೆ ಎಂದು ನೋಡಿದಳು. ನೀರೆಲ್ಲ ಗುಡ್ಡದ ಆಚೆ ಬದಿಗೆ, ಜೊಂಡು ಬೆಳೆದ ಜೌಗಿಗೆ ಹರಿಯುತ್ತಿತ್ತು. ಅಲ್ಲಿಂದ ಕಡಲಿಗೆ ದಾರಿಯಿರಲಿಲ್ಲ. ಅವಳ ಮುಖದಲ್ಲಿ ಇದ್ದಕ್ಕಿದ್ದ ಹಾಗೆ ಯುಕ್-ಲಿನ್‌ನದೇ ಕುತೂಹಲ ಮೂಡಿತು.

"ಇವು ಇಲ್ಲೇ ಇರ್ತವಾ ಅಜ್ಜಿ?"

"ಅಜ್ಜ ಇರೋವರ್ಗೂ ಜನ ಬರ್ತಾರೆ. ಜನ ಬರೋವರ್ಗೂ ಇವು ಇರ್ತವೆ."

"ದಂಡೇಲಿ ದನ ಇದ್ರೆ ತುಂಬಿ ಅಂತ ನನಗೆ ಆದೇಶ ಇರೋದು. ಗುಡ್ಡದ ಬಗ್ಗೆ ಏನೂ ಹೇಳಿಲ್ಲ." ಅವಳು ಫೋನು ತೆಗೆದು ಲಾರಿಯನ್ನು ವಾಪಸು ಕಳಿಸಿದಳು. "ಆದ್ರೆ ನೀರು ಕೆಟ್ಟರೆ ನಾನೇ ಮತ್ತೆ ಕರ್ಕೊಂಡು ಬರ್ಬೇಕಾಗುತ್ತೆ. ಮುಂದಿನ ಬೇಸಿಗೆವರ್ಗೂ ನೋಡ್ತೀನಿ."

ಆ ಚಳಿಗಾಲವಿಡೀ ಯುಕ್-ಲಿನ್ ಹಲಗೆಯನ್ನು ಓದಿದ್ದು ಎಂದಿನ ಕುತೂಹಲದಿಂದಲ್ಲ, ಜೀವ ಕೈಯಲ್ಲಿ ಹಿಡಿದು. ಮುಳ್ಳು ಅಲ್ಲಾಡಲಿಲ್ಲ. ಅಮಾವಾಸ್ಯೆ ಬಂತು, ಹುಣ್ಣಿಮೆ ಬಂತು, ಉಬ್ಬರ ಬಂತು, ಚೆನ್ನಾಗಿದೆ ಎಂಬಲ್ಲೇ ನಿಂತಿತು. ಫುಕ್-ಹಿಂಗ್ ಮೊದಮೊದಲು ಮುಖ ಊದಿಸಿಕೊಂಡಿದ್ದು, ಆಮೇಲೆ ಗುಡ್ಡದ ಬುಡದಲ್ಲಿ ಊರುಗೋಲು, ತಂಪು ಪಾನೀಯ ಇಟ್ಟುಕೊಂಡು ಎರಡನೇ ಅಂಗಡಿ ತೆರೆದ. ಯೋಜನೆಯ ಉಳಿದ ದುಡ್ಡು ಹಳ್ಳದ ಕಟ್ಟೆಗಾಗಲಿ ಪೈಪಿಗಾಗಲಿ ಹೋಗಲಿಲ್ಲ, ಶಾರ್ಕ್ ತಡೆಯುವ ಬಲೆಗೂ ಜೀವರಕ್ಷಕರ ಕುರ್ಚಿಗೂ ಹೋಯಿತು.

ಕೆಂಪು ಬಾವುಟ ಇಳಿಸುವ ದಿನ ಹುಣ್ಣಿಮೆಯೇ ಆಗಬೇಕೇ? ಬ್ಯಾಂಡು, ಭಾಷಣ, ಮಕ್ಕಳ ಕಿರುಚಾಟ. ಮೊದಲು ನೀರಿಗಿಳಿಯಲು ಯುಕ್-ಲಿನ್‌ಗೆ ಊರವರು ಜಾಗ ಬಿಟ್ಟಿದ್ದರು. ಅವಳೆಲ್ಲಿ ಎಂದು ಮಿಸ್ ಕ್ವೋಕ್ ಕೇಳಿದರೆ ಹೋಯ್-ಟಿಮ್ ಗುಡ್ಡದ ಕಡೆ ಬೆರಳು ತೋರಿಸಿದ.

ಅವಳು ಇಳಿದು ಬಂದಾಗ ಬ್ಯಾಂಡಿನವರು ಹೋಗಿದ್ದರು. ಮಂಡಿ ಊದಿ ಗುಮ್ಮಟವಾಗಿತ್ತು, ಮರಳಿನ ಮೇಲೆ ಒಂದೊಂದು ಹೆಜ್ಜೆಗೂ ಹಲ್ಲು ಕಚ್ಚುತ್ತಿದ್ದಳು. ಹಲಗೆಯ ಮುಂದೆ ನಿಂತು ಓದಿದಳು.

"ಇವತ್ತೂ ಓದ್ಬೇಕಾ ಲಿನ್ ಅಕ್ಕ?" ನೀರಿನೊಳಗಿಂದ ಹೋಯ್-ಟಿಮ್ ಕೂಗಿದ.

"ಓದ್ದೆ ಬೀಳಕ್ಕೆ ನಾನು ಕುಂಬಳಕಾಯಿ ಅಲ್ಲ."

ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಕಾಲು ನೆಲ ಬಿಟ್ಟದ್ದೇ ತಡ, ಗುಡ್ಡದ ಮೇಲೆಲ್ಲ ಕೊಂದಿದ್ದ ಮಂಡಿಗೆ ಭಾರವೇ ಇಲ್ಲದಂತಾಯಿತು. ಯುಕ್-ಲಿನ್ ಬೆನ್ನ ಮೇಲೆ ತೇಲುತ್ತ ಗುಡ್ಡದ ತಲೆಯನ್ನು ನೋಡಿದಳು. ಹುಲ್ಲಿನ ನಡುವೆ ಕಂದು ಚುಕ್ಕೆಗಳು, ಅವುಗಳ ಪಕ್ಕ ಒಂದು ಕೆಂಪು ಚುಕ್ಕೆ.

"ಕೇಳಿಸ್ತಾ ರೀ?" ಎಂದಳು, ಶುಯಿ-ಸಾಂಗ್ ಪಕ್ಕದಲ್ಲೇ ತೇಲುತ್ತಿದ್ದಾನೆ ಎಂಬ ಹಾಗೆ. "ಅಜ್ಜಂಗೆ ಗುಡ್ಡದ ಗಾಳಿ ಈಗ ಒಗ್ಗಿದೆ."